ಒಂದು ರೂಪಾಯಿ ಟ್ರಯಲ್, ‘ನಿಮಗಾಗಿಯೇ’ ಡಯಟ್ ಚಾರ್ಟ್: ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಮನೆಯಲ್ಲಿ ಶುಗರ್ ಇರುವವರಿಗೆ ಊಟದ ಪಟ್ಟಿ ಬೇಕು ಅಂತ ಮೊಬೈಲ್‌ನಲ್ಲಿ ಹುಡುಕುತ್ತಿದ್ದೀರಾ? ‘ಒಂದು ರೂಪಾಯಿಗೆ ಒಂದು ವಾರ ಟ್ರಯಲ್, ನಿಮಗಾಗಿಯೇ ಒಬ್ಬ ಡಯಟಿಷಿಯನ್’ ಅನ್ನೋ ಜಾಹೀರಾತು ಕಂಡರೆ ದಯವಿಟ್ಟು ಅಲ್ಲೇ ನಿಲ್ಲಿ. ಮೊದಲು ಇದನ್ನು ಪೂರ್ತಿ ಓದಿ. ಅಂಥ ಒಂದು ಆಪ್‌ನಿಂದ ಮೋಸ ಹೋಗಿ ನಾನು ಕೊಟ್ಟ ದೂರು ಇನ್ನೂ ಮುಗಿದಿಲ್ಲ, ಅದಕ್ಕೆ ಆಪ್ ಹೆಸರು ಬರೆಯುತ್ತಿಲ್ಲ. ಇದೇ ದಂಧೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಒಂದು ಹೆಸರು ಹೇಳಿದರೆ ಉಳಿದವರು ಒಳ್ಳೆಯವರು ಅಂತ ಆಗಬಾರದು.

ನಮ್ಮಮ್ಮನಿಗೆ ಅರವತ್ತೆರಡು. ಹಾಸನದ ಹತ್ತಿರ ಊರಲ್ಲಿದ್ದಾಳೆ. ಶುಗರ್ ಹಳೆಯದು, ಬಿಪಿಗೂ ಮಾತ್ರೆ ಇದೆ. ಈ ಸಲ ಮೂರು ತಿಂಗಳ ಶುಗರ್ ಟೆಸ್ಟ್ 8.4 ಬಂತು. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಕೂಡ ಸ್ವಲ್ಪ ಮೇಲೆ. ಡಾಕ್ಟರು ‘ಊಟ ಸರಿ ಮಾಡ್ಕೊಳಮ್ಮ’ ಅಂದರು, ಮಾತ್ರೆ ಬದಲಿಸಿದರು, ಮುಗಿಯಿತು. ಊಟ ಸರಿ ಮಾಡೋದು ಅಂದರೆ ಹೇಗೆ? ಮುದ್ದೆ ಒಂದಾ, ಅರ್ಧನಾ? ಅನ್ನ ಪೂರ್ತಿ ಬಿಡಬೇಕಾ? ಹಣ್ಣು ಯಾವುದು? ಹೊರಗೆ ಅಷ್ಟು ಜನ ಕಾಯುತ್ತಿರುವಾಗ ಇದನ್ನೆಲ್ಲ ಯಾರು ಕೂತು ಕೇಳೋಕಾಗತ್ತೆ? ಎಲ್ಲರ ಮನೆಯಲ್ಲೂ ಹೀಗೇ ಅಲ್ವಾ.

ಹಾಗಾಗಿ ಆಪ್. ವಯಸ್ಸು, ತೂಕ, ಎತ್ತರ, ಯಾವ ಮಾತ್ರೆ, ಎಷ್ಟು ಹೊತ್ತಿಗೆ ಊಟ, ಎಲ್ಲ ಕೇಳಿದರು. ಬ್ಲಡ್ ರಿಪೋರ್ಟಿನ ಫೋಟೋ ಕೂಡ ಹಾಕಿಸಿಕೊಂಡರು. ಇಷ್ಟೆಲ್ಲ ಕೇಳುವವರು ನೋಡಿಯೇ ಚಾರ್ಟ್ ಬರೆಯುತ್ತಾರೆ ಅಂತ ಯಾರಿಗಾದರೂ ಅನಿಸುತ್ತದೆ. ಅದನ್ನೇ ಅವರು ಬಳಸಿಕೊಳ್ಳುವುದು.

ಮೊದಲ ಸಂಶಯ ಬಂದಿದ್ದು ಮುದ್ದೆಯಿಂದ. ತಿಂದಿದ್ದನ್ನು ಆಪ್‌ನಲ್ಲಿ ಬರೆಯಬೇಕು, ಅದು ಕ್ಯಾಲರಿ ಲೆಕ್ಕ ಹಾಕುತ್ತದೆ. ‘ರಾಗಿ ಮುದ್ದೆ’ ಅಂತ ಹುಡುಕಿದರೆ ಮೂರು ಬಂತು. ಒಂದರಲ್ಲಿ 78 ಕ್ಯಾಲರಿ, ಇನ್ನೊಂದರಲ್ಲಿ 150, ಮತ್ತೊಂದರಲ್ಲಿ 355. ಎಷ್ಟು ಗ್ರಾಂ ಮುದ್ದೆ ಅಂತ ಎಲ್ಲೂ ಇಲ್ಲ. ಬಸ್ಸಾರು ಅಂತ ಹುಡುಕಿದರೆ ಏನೂ ಇಲ್ಲ. ಸೊಪ್ಪಿನ ಸಾರಿಗೆ ಪಾಲಕ್ ಸೂಪ್ ತೋರಿಸುತ್ತದೆ. ಚಾಟ್‌ನಲ್ಲಿ ಕೇಳಿದೆ, ಈ ಮೂರರಲ್ಲಿ ಯಾವುದು ಸರಿ ಅಂತ. ಉತ್ತರ ಏನು ಗೊತ್ತಾ? ‘ಯಾವುದಾದರೂ ಒಂದು ಹಾಕಿ ಮೇಡಂ, ಟ್ರ್ಯಾಕ್ ಮಾಡೋದು ಮುಖ್ಯ.’

ಆಮೇಲೆ ನಾನೇ ತೂಗಿ ನೋಡಿದೆ. ಅಮ್ಮ ಒಂದು ಮುದ್ದೆಗೆ ಹೆಚ್ಚುಕಮ್ಮಿ 75 ಗ್ರಾಂ ಹಿಟ್ಟು ಹಾಕುತ್ತಾಳೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ಅಂದರೆ ಎನ್‌ಐಎನ್, 2017ರಲ್ಲಿ 528 ಆಹಾರ ಪದಾರ್ಥಗಳ ಪಟ್ಟಿ ಮಾಡಿದೆ. ಅದರ ಪ್ರಕಾರ 100 ಗ್ರಾಂ ರಾಗಿಗೆ ಸುಮಾರು 320 ಕ್ಯಾಲರಿ. ನಮ್ಮ ಮುದ್ದೆಗೆ 240 ಆಯಿತು. ಆಪ್‌ನ ಮೂರೂ ತಪ್ಪು. ಕರ್ನಾಟಕದವರ ಹತ್ತಿರ ದುಡ್ಡು ತಗೊಳ್ಳುವ ಆಪ್‌ಗೆ ಮುದ್ದೆಯ ಲೆಕ್ಕ ಗೊತ್ತಿಲ್ಲ!

ಈಗ ಚಾರ್ಟ್ ವಿಷಯ. ಬರೆಯುವಾಗಲೂ ಮೈ ಉರಿಯುತ್ತದೆ.

ಚಾರ್ಟ್ ಬಂದ ದಿನ ಊರಿಗೆ ಹೋಗಿದ್ದೆ. ಅಣ್ಣ, ಅತ್ತಿಗೆ, ಪಕ್ಕದ ಮನೆಯವರು ಎಲ್ಲ ಇದ್ದರು. ಪ್ರಿಂಟ್ ತೆಗೆಸಿಕೊಂಡು ಹೋಗಿದ್ದೆ, ಅಮ್ಮನಿಗೆ ಓದಿ ಹೇಳೋಣ ಅಂತ. ಮೊದಲ ಪುಟದಲ್ಲಿ ಅಮ್ಮನ ಹೆಸರು ದಪ್ಪಕ್ಷರದಲ್ಲಿ. ಒಳಗೆ ಕಿನೋವಾ ಉಪ್ಪಿಟ್ಟು, ಅವಕಾಡೊ ಟೋಸ್ಟ್, ಬ್ರೊಕೊಲಿ ಸೂಪ್. ನಮ್ಮೂರ ಸಂತೆಯಲ್ಲಿ ಇವು ಎಲ್ಲಿ ಸಿಗುತ್ತವೆ? ಹನ್ನೊಂದು ಗಂಟೆಗೆ ಬಾಳೆಹಣ್ಣು, ಖರ್ಜೂರ ಹಾಕಿದ ಸ್ಮೂದಿ ಒಂದು ದೊಡ್ಡ ಲೋಟ. ಶುಗರ್ 8.4 ಇರುವವರಿಗೆ! ಓದುತ್ತಾ ಓದುತ್ತಾ ನನ್ನ ದನಿ ಸಣ್ಣದಾಯಿತು. ಮೂರನೇ ಪುಟ ಅತ್ತಿಗೆ ಕೈಯಲ್ಲಿತ್ತು. ‘ಇದ್ಯಾರ ಹೆಸರು?’ ಅಂದರು. ನೋಡಿದರೆ ಪುಟದ ಕೆಳಗೆ ಬೇರೆ ಯಾರೋ ಹೆಣ್ಣುಮಗಳ ಹೆಸರು. ವಯಸ್ಸು 29. ಗುರಿ: ಹೆರಿಗೆ ನಂತರ ತೂಕ ಇಳಿಸುವುದು.

ಅಮ್ಮ ಏನೂ ಬೈಯಲಿಲ್ಲ. ‘ಯಾರೋ ಬಾಣಂತಿ ಚೀಟಿ ಕಣೆ ಇದು’ ಅಂದಳು ಅಷ್ಟೇ. ಎಲ್ಲರ ಮುಂದೆ ತಲೆ ಎತ್ತೋಕಾಗಲಿಲ್ಲ. ಆ ಹುಡುಗಿಯ ಕಾಯಿಲೆ ಕಸಾಲೆ ನಮ್ಮ ಕೈಗೆ ಬಂದಿದೆ ಅಂದಮೇಲೆ ನಮ್ಮಮ್ಮನ ರಿಪೋರ್ಟು ಯಾರ ಕೈಯಲ್ಲಿದೆಯೋ!

ಫೋಟೋ ತೆಗೆದು ಕಳಿಸಿದೆ. ಅವರ ಉತ್ತರ ಹಾಗೇ ಹಾಕುತ್ತೇನೆ: ‘ಅದು ಟೆಂಪ್ಲೇಟ್ ಇಶ್ಯೂ ಮೇಡಂ, ಕಂಟೆಂಟ್ ನಿಮ್ಮದೇ.’ ಕಂಟೆಂಟ್ ನಮ್ಮದೇ ಅಂತೆ! ಬಾಣಂತಿಯ ಊಟ, ಕಿಡ್ನಿ ನೋಡಿಕೊಳ್ಳಬೇಕಾದ ವಯಸ್ಸಾದವರ ಊಟ ಎರಡೂ ಒಂದೇನಾ? ಮತ್ತೆ ಕೇಳಿದೆ. ‘ನಿಮ್ಮ ಫೀಡ್‌ಬ್ಯಾಕ್ ನಮಗೆ ಅಮೂಲ್ಯ’ ಅಂತ ಬಂತು. ಇನ್ನೊಮ್ಮೆ ಕೇಳಿದೆ. ಅದೇ ವಾಕ್ಯ, ಜೊತೆಗೆ ಕೈಮುಗಿಯುವ ಚಿತ್ರ.

ಮಾರನೇ ದಿನ ‘ಡಯಟಿಷಿಯನ್’ ಫೋನ್ ಮಾಡಿದಳು. ಚಾರ್ಟ್ ಬಗ್ಗೆ ಒಂದು ಮಾತಿಲ್ಲ. ‘ಅಮ್ಮಾವ್ರಿಗೆ ಊಟದಿಂದ ಮಾತ್ರ ಆಗಲ್ಲ ಮೇಡಂ, ನಮ್ಮ ಪ್ರೋಟೀನ್ ಪೌಡರ್ ಶುರು ಮಾಡಿ, ಮೂರು ತಿಂಗಳಲ್ಲಿ ಶುಗರ್ ಮಾತ್ರೆ ಬಿಡಬಹುದು’ ಅಂದಳು. ಕ್ರಿಯಾಟಿನಿನ್ ಜಾಸ್ತಿ ಇದೆಯಲ್ಲ, ರಿಪೋರ್ಟ್ ನೋಡಿದ್ದೀರಾ ಅಂದೆ. ‘ಇದು ನ್ಯಾಚುರಲ್ ಮೇಡಂ, ಏನೂ ಆಗಲ್ಲ.’ ಸರಿ, ಮಾತ್ರೆ ಬಿಡಬಹುದು ಅಂತ ಬರೆದು ಕಳಿಸಿ ಅಂದೆ. ಬಂದ ಮೆಸೇಜ್‌ನಲ್ಲಿ ‘ಆರೋಗ್ಯಕರ ಜೀವನಶೈಲಿಗೆ ಸಹಕಾರಿ’ ಅಂತ ಮಾತ್ರ ಇತ್ತು. ನೋಡಿದಿರಾ? ಆಹಾರ ಪದಾರ್ಥ ಕಾಯಿಲೆ ವಾಸಿ ಮಾಡುತ್ತದೆ ಅಂತ ಜಾಹೀರಾತು ಮಾಡೋದಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2018ರ ನಿಯಮದಲ್ಲಿ ತಡೆ ಇದೆ. ಅದು ಇವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಸುಳ್ಳು ಏನಿದ್ದರೂ ಫೋನಿನಲ್ಲಿ, ಬರಹದಲ್ಲಿ ಎಲ್ಲ ಸಭ್ಯ.

ನೀವು ಏನು ಓದಿದ್ದೀರಿ ಅಂತ ಕೇಳಿದೆ. ‘ನಾನು ಸರ್ಟಿಫೈಡ್ ವೆಲ್‌ನೆಸ್ ಕೋಚ್ ಮೇಡಂ.’ ಎಲ್ಲಿ? ‘ಕಂಪನಿಯಲ್ಲೇ ಟ್ರೈನಿಂಗ್ ಕೊಡ್ತಾರೆ.’ ಜಾಹೀರಾತಿನಲ್ಲಿ ಡಯಟಿಷಿಯನ್, ಫೋನಿನಲ್ಲಿ ಕೋಚ್.

ಆಪ್ ಅಳಿಸಿ ಹಾಕಿದೆ. ಆದರೂ ಟ್ರಯಲ್ ಮುಗಿದ ತಕ್ಷಣ ಖಾತೆಯಿಂದ 5,999 ರೂಪಾಯಿ ಹೋಯಿತು. ಒಂದು ರೂಪಾಯಿ ಕಟ್ಟುವಾಗಲೇ ಯುಪಿಐ ಆಟೋಪೇಗೆ, ಅಂದರೆ ಖಾತೆಯಿಂದ ತಾನಾಗಿಯೇ ದುಡ್ಡು ಕಡಿತವಾಗೋದಕ್ಕೆ, ಒಪ್ಪಿಗೆ ತೆಗೆದುಕೊಂಡಿದ್ದರು. ಒಂದು ರೂಪಾಯಿ ಅನ್ನೋದು ಹಸಿರು ಬಟನ್ ಮೇಲೆ, ವರ್ಷದ ಮೊತ್ತ ಕೆಳಗೆ ತಿಳಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ. ದುಡ್ಡು ಕಡಿತವಾಗುವ 24 ಗಂಟೆ ಮುಂಚೆ ಮೆಸೇಜ್ ಬರಬೇಕು ಅಂತ ನಿಯಮ ಇದೆ. ಬಂದಿತ್ತು. ಆದರೆ ಅದರಲ್ಲಿದ್ದದ್ದು ಆಪ್ ಹೆಸರಲ್ಲ, ಎಂದೂ ಕೇಳದ ಯಾವುದೋ ಪ್ರೈವೇಟ್ ಲಿಮಿಟೆಡ್ ಹೆಸರು. ಯಾರಿಗೆ ತಿಳಿಯಬೇಕು ಅದು?

ರೀಫಂಡ್ ಕೇಳಿದ್ದಕ್ಕೆ ಬಂದ ಉತ್ತರ: ‘ನೀವು ಚಾರ್ಟ್ ಡೌನ್‌ಲೋಡ್ ಮಾಡಿರುವುದರಿಂದ ಸೇವೆ ಪೂರ್ಣಗೊಂಡಿದೆ.’ ಯಾರ ಚಾರ್ಟ್ ಸ್ವಾಮಿ? ಆ ಬಾಣಂತಿಯ ಚಾರ್ಟ್!

ಓದದೆ ಒತ್ತಿದವರದೇ ತಪ್ಪು ಅಂತ ಹೇಳುವವರು ಇರುತ್ತಾರೆ. ಅವರಿಗೆ ಒಂದು ಮಾತು. ಹೀಗೆ ಸಿಕ್ಕಿಸುವುದಕ್ಕೆ ಕೇಂದ್ರ ಸರ್ಕಾರದ 2023ರ ಡಾರ್ಕ್ ಪ್ಯಾಟರ್ನ್ (ಆಪ್, ವೆಬ್‌ಸೈಟ್‌ಗಳಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರ) ಮಾರ್ಗಸೂಚಿಯಲ್ಲಿ ‘ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್’ ಅಂತಲೇ ಹೆಸರಿದೆ. ಅಂಥ 13 ತರದ ಮೋಸಗಳನ್ನು ಅದರಲ್ಲಿ ಪಟ್ಟಿ ಮಾಡಿದ್ದಾರೆ. ಸಿಕ್ಕಿಸಿದವರದು ತಪ್ಪು, ಸಿಕ್ಕಿಕೊಂಡವರದಲ್ಲ.

ಈಗಾಗಲೇ ಇಂಥದ್ದಕ್ಕೆ ದುಡ್ಡು ಕಟ್ಟಿದ್ದರೆ ಆಪ್ ಅಳಿಸಿದರೆ ಸಾಲದು. ನೀವು ಪೇಮೆಂಟ್ ಮಾಡುವ ಯುಪಿಐ ಆಪ್‌ನಲ್ಲಿ ಆಟೋಪೇ ಅಂತ ಇರುತ್ತದೆ, ಅಲ್ಲಿ ಹೋಗಿ ರದ್ದು ಮಾಡಿ. ಇವತ್ತೇ ಮಾಡಿ. ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಊಟದ ವಿಷಯಕ್ಕೆ ನಮಗೆ ಉಪಯೋಗವಾಗಿದ್ದು ಎರಡೇ. ಒಂದು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಎನ್‌ಐಎನ್ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ. ಪುಕ್ಕಟೆ ಸಿಗುತ್ತದೆ, 17 ಸೂಚನೆಗಳಿವೆ. ದಿನಕ್ಕೆ 2000 ಕ್ಯಾಲರಿ ಲೆಕ್ಕದಲ್ಲಿ 250 ಗ್ರಾಂ ಧಾನ್ಯ, 400 ಗ್ರಾಂ ತರಕಾರಿ, 27 ಗ್ರಾಂ ಎಣ್ಣೆ ಅಂತ ತಟ್ಟೆಯ ಚಿತ್ರ ಹಾಕಿ ತೋರಿಸಿದ್ದಾರೆ. ಪ್ರೋಟೀನ್ ಪೌಡರ್ ಬೇಡ, ಜಾಸ್ತಿ ಪ್ರೋಟೀನ್ ಬಹಳ ದಿನ ತಗೊಂಡರೆ ಕಿಡ್ನಿಗೆ ತೊಂದರೆ ಆಗಬಹುದು ಅಂತಲೂ ಅದರಲ್ಲೇ ಇದೆ. ನಮಗೆ ಮಾರಲು ಬಂದಿದ್ದು ಅದೇ ಪೌಡರ್.

ಇನ್ನೊಂದು, ಜಿಲ್ಲಾ ಆಸ್ಪತ್ರೆಯಲ್ಲಿ ಶುಗರ್, ಬಿಪಿಯಂಥ ಕಾಯಿಲೆಗಳನ್ನು ನೋಡುವ ಎನ್‌ಸಿಡಿ ಕ್ಲಿನಿಕ್. ಅಲ್ಲಿಗೆ ಹೋದ ಮೇಲೆ ಡಯಟಿಷಿಯನ್ ಒಬ್ಬರು ಸಿಕ್ಕರು. ಓದಿದವರು. ಆಕೆ ಅಮ್ಮನಿಗೆ ಕೇಳಿದ ಮೊದಲ ಪ್ರಶ್ನೆ, ‘ತಿಂಗಳಿಗೆ ಮನೆಗೆ ಎಣ್ಣೆ ಎಷ್ಟು ಲೀಟರ್ ತರ್ತೀರಮ್ಮ, ಉಣ್ಣೋರು ಎಷ್ಟು ಜನ?’ ಎರಡನೆಯದು, ‘ಮುದ್ದೆ ಎಷ್ಟು ದಪ್ಪ ಕಟ್ತೀರಾ, ಕೈಯಲ್ಲಿ ತೋರಿಸಿ.’ ಅಮ್ಮ ಎರಡೂ ಕೈ ಸೇರಿಸಿ ತೋರಿಸಿದಳು. ‘ಇದರಲ್ಲಿ ಮುಕ್ಕಾಲು ಸಾಕು, ಸೊಪ್ಪು ಕಾಳು ಜಾಸ್ತಿ ಹಾಕ್ಕೊಳ್ಳಿ, ಅನ್ನ ಮುದ್ದೆ ಎರಡೂ ಒಟ್ಟಿಗೆ ಬೇಡ’ ಅಂದರು. ಅಮ್ಮನ ಕಿಡ್ನಿ ರಿಪೋರ್ಟ್ ನೋಡಿ, ಕಾಳು ಎಷ್ಟು ಅಂತ ಹಿಡಿಯಲ್ಲಿ ಅಳತೆ ಹೇಳಿದರು. ಅಮ್ಮ ಅದನ್ನು ಪಾಲಿಸುತ್ತಿದ್ದಾಳೆ, ಅವಳಿಗೆ ಅರ್ಥವಾಗುವ ಊಟ ಅದು.

1915ರಲ್ಲಿ ದೂರು ದಾಖಲಾದ ಮೇಲೆ ಕಂಪನಿಯವರ ದನಿ ಬದಲಾಗಿದೆ. ಮೊನ್ನೆ ಅವರೇ ಫೋನ್ ಮಾಡಿ, ‘ಕಂಪ್ಲೇಂಟ್ ವಾಪಸ್ ತಗೊಳ್ಳಿ ಮೇಡಂ, ಅರ್ಧ ದುಡ್ಡು ಹಾಕ್ತೀವಿ’ ಅಂದರು. ಪೂರ್ತಿ ದುಡ್ಡು ಹಾಕಿ, ಅಮ್ಮನ ರಿಪೋರ್ಟ್ ಅಳಿಸಿದ್ದೇವೆ ಅಂತ ಬರಹದಲ್ಲಿ ಕೊಡಿ, ಆಮೇಲೆ ನೋಡೋಣ ಅಂದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.