8×6 ಮರದ ಶೆಡ್: ಒಳಗೆ ಟೇಪ್ ಹಿಡಿದು ನೋಡಿ

ದೂರಿನಿಂದಲೇ ಶುರು ಮಾಡುತ್ತೇನೆ. 8×6 ಅಡಿ ಅಂತ ಮಾರುವ, ಹಿತ್ತಲಲ್ಲಿ ಸಾಮಾನು ಇಡುವ ಶೆಡ್ ಒಳಗೆ 8×6 ಇರುವುದಿಲ್ಲ. ನಮ್ಮದು ಒಳಗೆ 2.30 ಮೀಟರ್ ಉದ್ದ, 1.68 ಮೀಟರ್ ಅಗಲ. 48 ಚದರಡಿಗೆ ದುಡ್ಡು ಕೊಟ್ಟೆ, ಸಿಕ್ಕಿದ್ದು ಹತ್ತಿರ ಹತ್ತಿರ 42. ಬೆಂಗಳೂರಲ್ಲಿ ಫ್ಲ್ಯಾಟ್ ಕೊಂಡವರಿಗೆ ಸೂಪರ್ ಬಿಲ್ಟಪ್, ಕಾರ್ಪೆಟ್ ಏರಿಯಾ ಕಥೆ ಗೊತ್ತಲ್ವಾ, ಇಂಗ್ಲೆಂಡಿನ ಹಿತ್ತಲಲ್ಲೂ ಅದೇ ಆಟ. ಕೆಲವರು ಹೊರಗಿನ ಹಲಗೆಯಿಂದ ಹಲಗೆಗೆ ಅಳೆಯುತ್ತಾರೆ, ಕೆಲವರು ಚಾವಣಿಯ ಅಂಚಿನಿಂದ ಅಂಚಿಗೆ. ಒಳಗಿನ ಅಳತೆ ಕೊಟ್ಟಿದ್ದರೂ ಅದು ವಿವರಗಳ ತಳದಲ್ಲಿ ಎಲ್ಲೋ ಅಡಗಿರುತ್ತದೆ.

ಐದಾರು ಇಂಚು ಹೋದರೆ ಏನು ಮಹಾ ಅಂತೀರಾ? ದೊಡ್ಡವರ ಸೈಕಲ್ ಸುಮಾರು 1.8 ಮೀಟರ್ ಉದ್ದ ಬರುತ್ತದೆ. 6 ಅಡಿ ಅಂದರೆ 1.83, ಹಿಡಿಸಬೇಕು. 1.68ಕ್ಕೆ ಹಿಡಿಸಲ್ಲ. ಹಾಗಾಗಿ ಹಿಂದಿನ ಗೋಡೆಗೆ ನಿಲ್ಲಬೇಕಿದ್ದ ನಮ್ಮ ಎರಡು ಸೈಕಲ್ ಉದ್ದದ ಗೋಡೆಗೆ ಬಂದವು. ಹ್ಯಾಂಡಲ್ ಒಂದೇ ಅರವತ್ತು ಸೆಂಟಿಮೀಟರ್ ಜಾಗ ತಿನ್ನುತ್ತದೆ. ಬಾಗಿಲು ಇರುವುದು ಕಿರಿದಾದ ಬದಿಯಲ್ಲಿ, ಅದೂ ಒಂದೇ ರೆಕ್ಕೆಯದು. ಸೈಕಲ್ ಬೇಕಾದಾಗೆಲ್ಲ ಮೊದಲು ಹುಲ್ಲಿನ ಮೋವರ್ ಹೊರಗೆ, ಆಮೇಲೆ ಮಗಳ ಕಾಲಲ್ಲಿ ತಳ್ಳುವ ಸ್ಕೂಟರ್, ಆಮೇಲೆ ಸೈಕಲ್. ಮಳೆಯಲ್ಲಿ ಆಫೀಸಿಗೆ ಹೊರಡುವ ಮುಂಚೆ ಇದನ್ನೆಲ್ಲ ಮಾಡೋದು ಇದೆಯಲ್ಲ, ಶತ್ರುವಿಗೂ ಬೇಡ. ಇದೇ ಶೆಡ್‌ಗೆ ಉದ್ದದ ಬದಿಯಲ್ಲಿ ಜೋಡಿ ಬಾಗಿಲು ಇದ್ದಿದ್ದರೆ ಅರ್ಧ ಗೋಳು ತಪ್ಪುತ್ತಿತ್ತು. ಈ ಮಾಡೆಲ್‌ನಲ್ಲಿ ಆ ಆಯ್ಕೆಯೇ ಇಲ್ಲ.

ಯಾರನ್ನು ಕೇಳಿದರೂ ಒಂದೇ ಮಾತು: "ಒಂದು ಸೈಜ್ ದೊಡ್ಡದೇ ತಗೋಬೇಕಿತ್ತು." ಸುಮ್ನೆ ಹೇಳಿಬಿಡಬಹುದು. ರೆಡಿಂಗ್ ಹತ್ತಿರದ ನಮ್ಮ ಹಿತ್ತಲಿಗೆ 10×8 ತಂದು ಇಟ್ಟರೆ ಮೆಂತ್ಯ, ಕೊತ್ತಂಬರಿ ಹಾಕಲು ಇರುವ ಬಿಸಿಲಿನ ತುಂಡು ಹೋಗುತ್ತದೆ. ತಳಕ್ಕೆ ಹಾಕುವ ಕಲ್ಲಿನ ಚಪ್ಪಡಿಯೂ 48 ಚದರಡಿಯಿಂದ 80ಕ್ಕೆ ಏರುತ್ತದೆ. ಇಲ್ಲಿನ ಕೂಲಿ ಎಷ್ಟು ಅಂತ ಗೊತ್ತಿರುವವರು ಹಾಗೆ ಸಲಹೆ ಕೊಡಲ್ಲ. ಜೊತೆಗೆ ಸುತ್ತ ಒಂದೂವರೆ ಅಡಿಯಾದರೂ ಬಿಡಬೇಕು. ಬೇಲಿಗೆ ಒತ್ತಿ ನಿಲ್ಲಿಸಿದರೆ ಗಾಳಿ ಆಡಲ್ಲ, ಹಲಗೆ ಹಸಿಯಾಗಿಯೇ ಇರುತ್ತದೆ, ಹಿಂದೆ ಬ್ರಷ್ ಆಡಿಸಲೂ ಆಗಲ್ಲ. ಎತ್ತರದ ಲೆಕ್ಕ ಬೇರೆ. ಇಂಗ್ಲೆಂಡಿನಲ್ಲಿ ಬೇಲಿಯಿಂದ 2 ಮೀಟರ್ ಒಳಗೆ ಶೆಡ್ ಬಂದರೆ ಒಟ್ಟು ಎತ್ತರ 2.5 ಮೀಟರ್ ದಾಟುವಂತಿಲ್ಲ, ದಾಟಿದರೆ ಪ್ಲಾನಿಂಗ್ ಪರ್ಮಿಷನ್ ಬೇಕು. ಹೊಸ ಬಡಾವಣೆಗಳಲ್ಲಿ ಕೆಲವು ಕಡೆ ಪರ್ಮಿಷನ್ ಇಲ್ಲದೆ ಶೆಡ್ ಇಡುವ ಈ ವಿನಾಯಿತಿಯನ್ನೇ ತೆಗೆದಿರುತ್ತಾರೆ, ಕೌನ್ಸಿಲ್‌ನಲ್ಲಿ ಒಮ್ಮೆ ಕೇಳಿಬಿಡಿ.

ಇಷ್ಟೆಲ್ಲ ಬೈದ ಮೇಲೆ ಒಂದು ಒಳ್ಳೆಯ ಮಾತು. ಬೇಸಿಗೆಯಲ್ಲಿ ಹಾಸನದಿಂದ ಅಮ್ಮ ಬಂದಿದ್ದರು. ಮೊದಲ ದಿನ ಶೆಡ್ ನೋಡಿ, "ಏನೋ ಇದು, ಬಚ್ಚಲನ್ನ ಹೊರಗೆ ಕಟ್ಟಿಸಿದೀಯಾ?" ಅಂದರು. ವಾರ ಕಳೆಯುವಷ್ಟರಲ್ಲಿ ಅದು ಅವರ ಕೋಣೆಯಾಯಿತು. ನಮ್ಮ ಸೈಕಲ್ ಎರಡೂ ಹೊರಗೆ, ಮೇಲೊಂದು ಟಾರ್ಪಾಲು. ಕಿಟಕಿ ಕೆಳಗೆ ಹಲಗೆ ಹೊಡೆಸಿಕೊಂಡು ಅದರ ಮೇಲೆ ಮೊಸರಿನ ಖಾಲಿ ಡಬ್ಬಿಗಳಲ್ಲಿ ಸಸಿ ಮಾಡಿದರು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋಗುವುದು, ಒಂದೊಂದೇ ಡಬ್ಬಿ ಎತ್ತಿ ತಳದಲ್ಲಿ ಸಿಂಬಳದ ಹುಳು ಅಂಟಿದೆಯಾ ಅಂತ ನೋಡುವುದು, ಅಂಟಿದ್ದರೆ ಕಡ್ಡಿಯಲ್ಲಿ ಎತ್ತಿ ಬೇಲಿ ಹತ್ತಿರ ಬಿಡುವುದು. ಸಂಜೆ ತಣ್ಣನೆ ಗಾಳಿ ಎದ್ದರೆ ಶೆಡ್ ಒಳಗೆ ಮಡಚುವ ಕುರ್ಚಿ ಹಾಕಿಕೊಂಡು, ಬಾಗಿಲು ತೆರೆದಿಟ್ಟು, ಮಡಿಲಲ್ಲಿ ರನ್ನರ್ ಬೀನ್ಸ್ ಹಾಕಿಕೊಂಡು ನಾರು ತೆಗೆಯುತ್ತಾ ಕೂರುತ್ತಿದ್ದರು. ಬಿಸಿಲಿಗೆ ಕಾದ ಮರದ ವಾಸನೆ, ಗೊಬ್ಬರದ ವಾಸನೆ, ಮನೆಯೊಳಗೆ ಈ ಸುಖ ಇಲ್ಲ. ಈಗ ಆ ಕುರ್ಚಿ ನನ್ನದು.

ಹಾಗಾಗಿ ಸೈಜ್ ನೋಡುವವರಿಗೆ ಹೇಳುವುದಿಷ್ಟೇ. ಆರ್ಡರ್ ಮಾಡುವ ಮೊದಲು ಶೆಡ್‌ಗೆ ಹೋಗಬೇಕಾದ ಸಾಮಾನೆಲ್ಲ ಹುಲ್ಲಿನ ಮೇಲೆ ಹರಡಿ. ನಡುವೆ ನಿಂತು ಬಗ್ಗಲು ಎರಡೂವರೆ ಅಡಿ ದಾರಿ ಬಿಡಿ, ಜೊತೆಗೆ ಒಂದು ಕುರ್ಚಿಯನ್ನೂ ಇಡಿ. ಸುತ್ತ ಹಗ್ಗ ಹಾಕಿ ಅಳೆಯಿರಿ. ಬಂದ ಅಳತೆಯನ್ನು ಶೆಡ್‌ನ ಒಳ ಅಳತೆಯ ಜೊತೆ ಹೋಲಿಸಿ, ಹೆಸರಿನಲ್ಲಿರುವ ಅಂಕಿ ಜೊತೆ ಅಲ್ಲ. ಗುದ್ದಲಿ, ಸನಿಕೆ, ಮೋವರ್ ಅಷ್ಟೇ ಇದ್ದರೆ 6×4 ಧಾರಾಳ ಸಾಕು. ಎರಡು ಸೈಕಲ್ ಇದ್ದು ಕೂರಲೂ ಆಸೆ ಇದ್ದರೆ 8×6 ಬಿಗಿ.

ಮರದ ಬಗ್ಗೆ ನನ್ನದೇನೂ ತಕರಾರಿಲ್ಲ. ಪ್ರೆಷರ್ ಟ್ರೀಟ್ ಮಾಡಿದ, ಅಂದರೆ ಒತ್ತಡ ಹಾಕಿ ಔಷಧ ಒಳಗಿಳಿಸಿದ ಮರ, ಇನ್ನೂ ಗಟ್ಟಿಯಾಗಿದೆ. ಔಷಧದಲ್ಲಿ ಬರೀ ಅದ್ದಿ ತೆಗೆದ ಅಗ್ಗದ ಮರಕ್ಕಾದರೆ ವರ್ಷ ವರ್ಷ ಬಳಿಯಬೇಕು, ಅಷ್ಟು ತಾಳ್ಮೆ ನನಗಿಲ್ಲ. ಐದಕ್ಕೆ ಮೂರೂವರೆ ಸ್ಟಾರ್. ಮಗಳಿಗೆ ದೊಡ್ಡ ಸೈಕಲ್ ಬೇಕಂತೆ. ಅದು ಬಂದರೆ ಮೋವರ್‌ಗೆ ಟಾರ್ಪಾಲೇ ಗತಿ. ಕುರ್ಚಿ ಮಾತ್ರ ಹೊರಗೆ ಹೋಗಲ್ಲ.