ಬಳ್ಳಾರಿಯಲ್ಲಿ ಜೀನ್ಸ್ ಅಲ್ಲ, ಜೀನ್ ಪರೀಕ್ಷೆ

ನಮ್ಮೂರಿನಲ್ಲಿ ಜೀನ್ಸ್ ಎಂದರೆ ಹೊಲಿಯುವುದು, ತೊಳೆಯುವುದು, ಲಾರಿಗೆ ತುಂಬುವುದು. ನಾನೂ ಇಪ್ಪತ್ತೆರಡು ವರ್ಷ ಒಂದು ವಾಷಿಂಗ್ ಘಟಕದಲ್ಲಿ ಲೆಕ್ಕ ಬರೆದವನು. ಹೀಗಾಗಿ ಲ್ಯಾಬೊಂದರ ಮುಂದೆ 'ನಿಮ್ಮ ಜೀನ್ ತಿಳಿಯಿರಿ, ಕ್ಯಾನ್ಸರ್ ತಡೆಯಿರಿ' ಎಂಬ ಫಲಕ ಕಂಡಾಗ ಮೊದಲು ನಗು ಬಂತು. ಆಮೇಲೆ ಬಾಯಿ ಕ್ಯಾನ್ಸರ್‌ನಿಂದ ಹೋದ ಅಣ್ಣ ನೆನಪಾದ. 6,500 ರೂಪಾಯಿ ಕಟ್ಟಿದೆ. ದಿನಕ್ಕೆ ಎಂಟು ಸಿಗರೇಟು ಸೇದುವ ನನಗೆ, ವರದಿ ಪೂರ್ತಿ ಹಸಿರಾಗಿ ಬರಲಿ ಎಂಬ ಕಳ್ಳ ಆಸೆಯೂ ಇತ್ತು.

ಮಾದರಿ ತೆಗೆದ ಹುಡುಗಿಯ ಕೆಲಸ ಅಚ್ಚುಕಟ್ಟು. ಅರ್ಧ ಗಂಟೆ ನೀರೂ ಕುಡಿಯುವಂತಿಲ್ಲ. ಕೊಳವೆಯ ಗೆರೆಯವರೆಗೆ ಉಗುಳು ತುಂಬಬೇಕು, ನೊರೆ ಲೆಕ್ಕಕ್ಕಿಲ್ಲ. ಏಪ್ರಿಲ್ ಬಿಸಿಲಿಗೆ ನಾಲಿಗೆ ಒಣಗಿತ್ತು. "ಅಂಕಲ್, ಹುಣಸೆಹಣ್ಣು ನೆನೆಸಿಕೊಳ್ಳಿ" ಎಂದಳು. ಎರಡೇ ನಿಮಿಷ, ಗೆರೆ ಮುಟ್ಟಿತು.

ಮೂರು ವಾರಕ್ಕೆ ಮೂವತ್ತೆಂಟು ಪುಟದ ವರದಿ ಬಂತು. ಜಿಎಸ್‌ಟಿಎಂ1 ಎಂಬ ಜೀನ್ 'ಇಲ್ಲ', ಕೆಂಪು. ನ್ಯಾಟ್2 ಎಂಬ ಇನ್ನೊಂದು ಜೀನ್ 'ನಿಧಾನ', ಅದೂ ಕೆಂಪು. ಕೊನೆಗೆ ದಪ್ಪಕ್ಷರದಲ್ಲಿ 'ವಿಷ ಹೊರಹಾಕುವ ಶಕ್ತಿ ಕಡಿಮೆ'. ಆ ರಾತ್ರಿ ನಿದ್ದೆ ಬರಲಿಲ್ಲ.

ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಮಗಳು ಭಾನುವಾರ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತಾ ಅದನ್ನು ಓದಿ ಬಿಡಿಸಿ ಹೇಳಿದಳು. ದೇಹ ಇಂಥ ವಿಷವನ್ನು ಎರಡು ಹಂತದಲ್ಲಿ ನಿಭಾಯಿಸುತ್ತದೆ. ಮೊದಲ ಹಂತದ ಕಿಣ್ವಗಳು ಹೊಗೆಯಿಂದ ಬಂದ ಪದಾರ್ಥದ ರೂಪ ಬದಲಿಸುತ್ತವೆ. ಕೆಲವೊಮ್ಮೆ ಆ ಹೊಸ ರೂಪವೇ ಮೊದಲಿನದಕ್ಕಿಂತ ಕೆಟ್ಟದ್ದು, ಹೋಗಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಅದಕ್ಕೆ ದೇಹವೇ ತಯಾರಿಸುವ ಗ್ಲುಟಾಥಯೋನ್‌ನಂಥದ್ದನ್ನು ಜೋಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ ಹೊರಗೆ ಸಾಗಿಸುವುದು ಎರಡನೆಯ ಹಂತದವುಗಳ ಕೆಲಸ. ಜಿಎಸ್‌ಟಿಎಂ1 ಈ ಗುಂಪಿನದು. ಆ ಜೀನೇ ಇಲ್ಲದವರು ಕೋಟಿಗಟ್ಟಲೆ ಇದ್ದಾರೆ, ಯುರೋಪ್ ಮೂಲದವರಲ್ಲಂತೂ ಸುಮಾರು ಅರ್ಧದಷ್ಟು. ಅದರಿಂದ ಏರುವ ಅಪಾಯ ಅಲ್ಪ. ಅರ್ಧ ಲೋಕಕ್ಕೆ ಕೆಂಪು ಶಾಯಿ ಬಳಿದ ಹಾಗಾಯಿತು!

ನ್ಯಾಟ್2 ಮೇಲೆ ಮಾತ್ರ ಅವಳು ಬೆರಳಿಟ್ಟಳು. ತಂಬಾಕಿನ ಹೊಗೆಯಲ್ಲಿ ಆರೊಮ್ಯಾಟಿಕ್ ಅಮೀನ್ ಎಂಬ ರಾಸಾಯನಿಕಗಳಿವೆ, ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಅವನ್ನು ನಿಭಾಯಿಸುವ ಕಿಣ್ವಗಳಲ್ಲಿ ನ್ಯಾಟ್2 ಜೀನ್ ತಯಾರಿಸುವುದೂ ಒಂದು. ಈ ಕಿಣ್ವ ನಿಧಾನವಾಗಿರುವವರು ಸೇದಿದರೆ ಮೂತ್ರಕೋಶದ ಕ್ಯಾನ್ಸರ್ ಅಪಾಯ ಉಳಿದ ಸೇದುವವರಿಗಿಂತಲೂ ಹೆಚ್ಚು. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಮಾತ್ರೆಯನ್ನು ನಿಭಾಯಿಸುವುದೂ ಇದೇ ಕಿಣ್ವ, ನಿಧಾನದವರಿಗೆ ಅಡ್ಡಪರಿಣಾಮ ಹೆಚ್ಚು. ಮೂವತ್ತೆಂಟು ಪುಟಗಳಲ್ಲಿ ಈ ಮಾತ್ರೆಯ ಸುದ್ದಿಯೇ ಇಲ್ಲ. ಮಗಳು ನನ್ನ ಡೈರಿಯಲ್ಲಿ ಬರೆದಿಟ್ಟಳು.

"ಅಪ್ಪಾ, ಸೇದುತ್ತೇನೆ ಎಂದು ಅವರಿಗೆ ಹೇಳಿದ್ದೆಯಾ?" ಎಂದು ಕೇಳಿದಳು. ಫಾರಂ ತೆಗೆದು ನೋಡಿದೆವು. ರಕ್ತದ ಗುಂಪು, ಎತ್ತರ, ಸಸ್ಯಾಹಾರವೋ ಮಾಂಸಾಹಾರವೋ ಎಲ್ಲ ಕೇಳಿದ್ದಾರೆ, ಬೀಡಿ, ಸಿಗರೇಟು, ಗುಟ್ಕಾದ ಕಾಲಂ ಮಾತ್ರ ಇಲ್ಲ. ಅಣ್ಣ ಹದಿನೆಂಟು ವರ್ಷ ಗುಟ್ಕಾ ಜಗಿದವನು. ಕ್ಯಾನ್ಸರ್ ಪರೀಕ್ಷೆಯವರು ತಂಬಾಕನ್ನೇ ಕೇಳದಿದ್ದರೆ ಇನ್ನೇನು ಕೇಳಿದಂತಾಯಿತು?

ಬದಲಿಗೆ ಇಪ್ಪತ್ತೊಂದು ದಿನದ 'ವಿಷ ನಿವಾರಕ' ಪುಡಿಯನ್ನು 2,400 ರೂಪಾಯಿಗೆ ಅಂಟಿಸಿದರು. ಇಲ್ಲದ ಜೀನನ್ನು ಪುಡಿ ಹುಟ್ಟಿಸೀತೇ? ಜೊತೆಗೆ ಬ್ರೊಕೊಲಿ ತಿನ್ನಬೇಕಂತೆ. ಎಲೆಕೋಸು, ಮೂಲಂಗಿ ಅದೇ ಕುಟುಂಬದವು ಎಂದು ಒಂದು ಸಾಲು ಬರೆದಿದ್ದರೆ ನಾನು ಬಿಸಿಲಲ್ಲಿ ಮಾರುಕಟ್ಟೆ ಸುತ್ತುವುದು ತಪ್ಪುತ್ತಿತ್ತು.

ಉಗುಳು ತೆಗೆದ ಹುಡುಗಿಗೆ ಐದು ನಕ್ಷತ್ರ, ವರದಿಗೆ ಎರಡು, ಪುಡಿಗೆ ಸೊನ್ನೆ. ಡಬ್ಬಿಯನ್ನು ಸೀಲ್ ಒಡೆಯದೆ ವಾಪಸ್ ಕೊಟ್ಟು ಹನ್ನೆರಡು ದಿನವಾಯಿತು. ಹಣ ಇನ್ನೂ ಬಂದಿಲ್ಲ.