ನೆಗಡಿ ಮುಚ್ಚಿಟ್ಟು ಡೈವ್‌ಗೆ ಇಳಿದೆ, ಕಿವಿ ತಮಟೆಗೆ ತೂತು ಬಿತ್ತು

ಸ್ಕೂಬಾ ಡೈವಿಂಗ್ ಮಾಡುವಾಗ ಕಿವಿ ತಮಟೆ ಹರಿಯಿತು ಅಂದರೆ ಎಲ್ಲರೂ ಮೊದಲು ಕೇಳುವುದು ಒಂದೇ: ಎಷ್ಟು ಆಳಕ್ಕೆ ಹೋಗಿದ್ದೆ? ನಾಲ್ಕು ಮೀಟರ್ ಅಂದರೆ ಯಾರೂ ನಂಬುವುದಿಲ್ಲ. ನಾನೂ ನಂಬುತ್ತಿರಲಿಲ್ಲ.

ಅದು ನನ್ನ ಆರನೆಯ ಡೈವ್. ಮೊದಲ ಐದರಲ್ಲಿ ಕಿವಿ ಏನೂ ತಕರಾರು ಮಾಡಿರಲಿಲ್ಲ, ಹಾಗಾಗಿ ಸ್ವಲ್ಪ ಜಾಸ್ತಿಯೇ ಧೈರ್ಯ ಬಂದಿತ್ತು. ಎರಡು ದಿನದಿಂದ ನೆಗಡಿ ಹಿಡಿದಿತ್ತು. ಡೈವ್‌ಗೆ ಮುಂಚೆ ತುಂಬುವ ಆರೋಗ್ಯದ ಫಾರಂನಲ್ಲಿ ನೆಗಡಿ, ಸೈನಸ್ ಬಗ್ಗೆ ಪ್ರಶ್ನೆ ಇತ್ತು. 'ಇಲ್ಲ' ಅಂತ ಬರೆದೆ. ಮೂಗಿಗೆ ಸ್ಪ್ರೇ ಹೊಡೆದುಕೊಂಡೆ, ಮೂಗು ಬಿಟ್ಟಿತು, ಕೆಲಸ ಮುಗಿಯಿತು ಅಂದುಕೊಂಡೆ.

ಈ ಸ್ಪ್ರೇ ವಿಷಯ ಈಗಲೇ ಹೇಳಿಬಿಡುತ್ತೇನೆ. ಅದು ಊತವನ್ನು ಸ್ವಲ್ಪ ಹೊತ್ತು ಇಳಿಸುತ್ತದೆ, ಅಷ್ಟೇ. ನೀವು ಕೆಳಗಿರುವಾಗಲೇ ಅದರ ಪ್ರಭಾವ ಮುಗಿದರೆ ಮೇಲೆ ಬರುವಾಗ ಕಿವಿಯೊಳಗಿನ ಗಾಳಿಗೆ ಹೊರಗೆ ಬರಲು ದಾರಿ ಇರುವುದಿಲ್ಲ. ಇಳಿಯುವಾಗ ಕಟ್ಟಿಕೊಂಡರೆ ಇಳಿಯದೆ ಇರಬಹುದು. ಮೇಲೆ ಬರುವಾಗ ಕಟ್ಟಿಕೊಂಡರೆ? ಟ್ಯಾಂಕ್‌ನಲ್ಲಿ ಗಾಳಿ ಇರುವುದೇ ಲೆಕ್ಕದಷ್ಟು, ಬರದೆ ವಿಧಿಯಿಲ್ಲ.

ಕಿವಿ ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಜಾಗ ಇದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಳಿಕೆ, ಯೂಸ್ಟೇಷಿಯನ್ ಟ್ಯೂಬ್. ಕೆಳಗೆ ಹೋದಂತೆ ನೀರಿನ ಒತ್ತಡ ತಮಟೆಯನ್ನು ಒಳಕ್ಕೆ ತಳ್ಳುತ್ತದೆ. ಆಗ ನಳಿಕೆ ತೆರೆದು ಒಳಗೆ ಗಾಳಿ ಬಿಡಬೇಕು. ಡೈವರ್‌ಗಳು 'ಈಕ್ವಲೈಸ್' ಅನ್ನುವುದು ಇದನ್ನೇ. ಮೇಲ್ಮೈಯಿಂದ 10 ಮೀಟರ್ ಇಳಿದರೆ ಒತ್ತಡ ಎರಡರಷ್ಟಾಗುತ್ತದೆ, ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಮುಂದಿನ 10 ಮೀಟರ್‌ಗೆ ಅರ್ಧದಿಂದ ಮೂರನೇ ಒಂದಕ್ಕೆ ಬರುತ್ತದೆ, ಅಷ್ಟೇ. ಅಂದರೆ ಕಿವಿಗೆ ಅತಿ ಹೆಚ್ಚು ಕೆಲಸ ಬೀಳುವುದು ಮೇಲಿನ ಕೆಲವೇ ಮೀಟರ್‌ಗಳಲ್ಲಿ. ಹೊಸಬರು ಸುತ್ತಾಡುವುದೂ ಅಲ್ಲೇ.

ಎರಡು ಮೀಟರ್‌ನಲ್ಲಿ ಬಲಕಿವಿ ಬಿಟ್ಟಿತು, ಎಡಕಿವಿ ಬಿಡಲಿಲ್ಲ. ಆಗಲೇ ಒಂದು ಮೀಟರ್ ಮೇಲೆ ಹೋಗಿ ಮತ್ತೆ ಪ್ರಯತ್ನಿಸಬೇಕಿತ್ತು. ಆದರೆ ಉಳಿದವರೆಲ್ಲ ಕೆಳಗೆ ತಲುಪಿ ನನ್ನತ್ತಲೇ ನೋಡುತ್ತಿದ್ದರು. ನನ್ನಿಂದ ಎಲ್ಲರೂ ಕಾಯುವಂತಾಯಿತಲ್ಲ ಅಂತ ನಾಚಿಕೆ. ಹಗ್ಗ ಹಿಡಿದು ಇನ್ನೂ ಇಳಿದೆ. ನೋವು ಶುರುವಾಯಿತು. ಮೂಗು ಒತ್ತಿ ಹಿಡಿದು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಊದಿದೆ.

ಇಲ್ಲೇ ನಾನು ತಪ್ಪು ತಿಳಿದಿದ್ದು. ಒಳಗೂ ಹೊರಗೂ ಒತ್ತಡದ ವ್ಯತ್ಯಾಸ ಜಾಸ್ತಿಯಾದರೆ ಆ ನಳಿಕೆಯ ಬಾಯಿ ಅದುಮಿಕೊಂಡು ಮುಚ್ಚಿಬಿಡುತ್ತದೆ. ಆಮೇಲೆ ಎಷ್ಟು ಊದಿದರೂ ತೆರೆಯುವುದಿಲ್ಲ, ಮೇಲೆ ಹೋದರೆ ಮಾತ್ರ ಸಡಿಲವಾಗುತ್ತದೆ. ನೋವು ಬಂತು ಅಂದರೆ ಆಗಲೇ ತಡವಾಗಿದೆ ಅಂತ ಅರ್ಥ.

ಪಟ್ ಅಂತ ಸದ್ದಾಯಿತು. ನೋವು ಮಾಯ! ಒಂದು ಕ್ಷಣ 'ಅಬ್ಬಾ, ಬಿಟ್ಟಿತು' ಅಂತ ಖುಷಿಯೂ ಆಯಿತು. ಮರುಕ್ಷಣ ಕಿವಿಯೊಳಗೆ ತಣ್ಣಗೆ ಏನೋ ನುಗ್ಗಿತು, ಇಡೀ ಸಮುದ್ರ ಗರಗರ ತಿರುಗತೊಡಗಿತು. ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗಲಿಲ್ಲ. ತಣ್ಣೀರು ಒಂದೇ ಕಿವಿಯೊಳಗೆ ಹೋದಾಗ ಸಮತೋಲನದ ಅಂಗಕ್ಕೆ ಹೀಗೆ ಗೊಂದಲವಾಗುತ್ತದಂತೆ. ಹಗ್ಗ ಕೈಯಲ್ಲಿದ್ದದ್ದು ನನ್ನ ಪುಣ್ಯ. ಟ್ಯಾಂಕ್‌ನ ಗಾಳಿ ಬಾಯಿಗೆ ಕೊಡುವ ರೆಗ್ಯುಲೇಟರನ್ನು ಬಾಯಿಂದ ಬಿಡಲಿಲ್ಲ, ಹಗ್ಗವನ್ನೂ ಬಿಡಲಿಲ್ಲ. ಇನ್‌ಸ್ಟ್ರಕ್ಟರ್ ಬಂದು ತೋಳು ಹಿಡಿದು ನಿಧಾನಕ್ಕೆ ಮೇಲೆ ಕರೆತಂದರು. ನೀರು ಕಿವಿಯೊಳಗೇ ಬೆಚ್ಚಗಾದ ಮೇಲೆ ತಲೆಸುತ್ತು ನಿಂತಿತು. ಕಿವಿಯಿಂದ ಸ್ವಲ್ಪ ರಕ್ತ ಬಂದಿತ್ತು.

ಇಷ್ಟಕ್ಕೆ ಬುದ್ಧಿ ಬರಬೇಕಿತ್ತು ಅಲ್ವಾ? ಎಡಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೂ ತಾನಾಗಿ ಸರಿಹೋಗಬಹುದು ಅಂತ ಮೂರು ದಿನ ಸುಮ್ನೆ ಕಾದೆ. ಮನೆಯಲ್ಲಿದ್ದ ಹಳೆಯ ಇಯರ್ ಡ್ರಾಪ್ಸ್ ಬೇರೆ ಹಾಕಿಕೊಂಡೆ. ಇಎನ್‌ಟಿ ಡಾಕ್ಟರ್ ಬೈದದ್ದು ತಮಟೆ ಹರಿದದ್ದಕ್ಕಲ್ಲ, ಈ ಎರಡಕ್ಕೆ. ತೂತಿದ್ದರೆ ಹಾಕಿದ ಹನಿ ಮಧ್ಯಕಿವಿಗೆ ಇಳಿಯುತ್ತದೆ, ಕೆಲವು ಔಷಧಿ ಅಲ್ಲಿಗೆ ಹೋಗಲೇಬಾರದು. ಇನ್ನು, ಜೋರಾಗಿ ಊದಿದಾಗ ಒಳಕಿವಿಯ ದ್ರವದ ಒತ್ತಡವೂ ಏರುತ್ತದೆ. ಅಲ್ಲಿನ ತೆಳು ಪೊರೆ ಹರಿದರೆ ಕಿವಿ ಶಾಶ್ವತವಾಗಿ ಹೋಗಬಹುದು. ಡೈವ್ ಆದಮೇಲೆ ಕಿವಿ ಗುಂಯ್ ಅನ್ನುತ್ತಿದ್ದರೆ, ಸರಿಯಾಗಿ ಕೇಳಿಸದಿದ್ದರೆ, ತಲೆಸುತ್ತು ನಿಲ್ಲದಿದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಒಳಕಿವಿಗೆ ಡಿಕಂಪ್ರೆಷನ್ ಕಾಯಿಲೆ (ಮೇಲೆ ಬರುವಾಗ ಒತ್ತಡ ಇಳಿದು ಮೈಯಲ್ಲಿ ಕರಗಿದ್ದ ಅನಿಲ ಗುಳ್ಳೆಗಳಾಗುವುದು) ಬಂದರೂ ಇದೇ ಲಕ್ಷಣ, ಅದರ ಚಿಕಿತ್ಸೆಯೇ ಬೇರೆ. ಅದಕ್ಕೇ ಡೈವ್ ಮಾಡಿದ್ದನ್ನು ಬಿಡದೆ ಹೇಳಿ.

ನನ್ನದು ತಮಟೆ ಮಾತ್ರ. ಎರಡು ತಿಂಗಳಲ್ಲಿ ತಾನಾಗಿ ಕೂಡಿಕೊಂಡಿತು. ಅಲ್ಲಿಯವರೆಗೆ ಕಿವಿಗೆ ನೀರು ತಾಗಿಸುವಂತಿಲ್ಲ, ತಲೆಸ್ನಾನ ಒಂದು ದೊಡ್ಡ ಸರ್ಕಸ್.

ಆಮೇಲೆ ಒಬ್ಬ ಹಳೆಯ ಡೈವರ್ ನನಗೆ ಮತ್ತೆ ಮೊದಲಿಂದ ಕಲಿಸಿದರು. ಮೇಲ್ಮೈಯಲ್ಲೇ ಒಮ್ಮೆ ಈಕ್ವಲೈಸ್ ಮಾಡು, ಆಮೇಲೆ ಅರ್ಧ ಮೀಟರ್‌ಗೊಮ್ಮೆ, ನೋವಿಗೆ ಕಾಯದೆ. ಕಾಲು ಕೆಳಗೆ ಮಾಡಿ ಇಳಿ. ಮೆತ್ತಗೆ ಊದು, ಇಲ್ಲವೇ ಮೂಗು ಹಿಡಿದು ಗುಟುಕು ನುಂಗು. ಮಾಮೂಲಿ ಇಯರ್‌ಪ್ಲಗ್ ಹಾಕಲೇಬೇಡ, ಅದರ ಹಿಂದೆ ಗಾಳಿ ಸಿಕ್ಕಿಕೊಂಡು ಇನ್ನೊಂದು ತೊಂದರೆ.

ಡಾಕ್ಟರ್ ಒಪ್ಪಿಗೆ ಕೊಟ್ಟ ಮೇಲೆ ಮತ್ತೆ ಇಳಿದೆ. ಎರಡು ಮೀಟರ್‌ನಲ್ಲಿ ಎಡಕಿವಿ ಮತ್ತೆ ಹಟ ಹಿಡಿಯಿತು. ಮೇಲೆ ಬಂದು ಇಳಿದೆ, ಮೂರು ಸಲ. ಬಿಡಲಿಲ್ಲ. ಕಿವಿ ತೋರಿಸಿ, ಹೆಬ್ಬೆರಳು ಮೇಲೆ ಮಾಡಿದೆ; ಡೈವರ್‌ಗಳ ಸನ್ನೆಯಲ್ಲಿ ಅದು 'ಮೇಲೆ ಹೋಗುತ್ತೇನೆ' ಅಂತ. ಉಳಿದವರು ವಾಪಸ್ ಬರುವವರೆಗೆ ದೋಣಿಯಲ್ಲಿ ಒಬ್ಬನೇ ಕೂತಿದ್ದೆ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ.